ತಿಂಗಳ ಬಾಡಿಗೆ ಇಲ್ಲದೆ ಫೋಟೋ ಸ್ಟುಡಿಯೋ ನಡೆಸಬಹುದಾ?

ಪ್ರಶ್ನೆ: ಹಾಸನದಲ್ಲಿ 9 ವರ್ಷದಿಂದ ಚಿಕ್ಕ ಸ್ಟುಡಿಯೋ ನಡೆಸುತ್ತಿದ್ದೇನೆ. ವರ್ಷಕ್ಕೆ 12–15 ಮದುವೆ, ಜೊತೆಗೆ ಗೃಹಪ್ರವೇಶ, ನಾಮಕರಣ. ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಕೂಡ ನಮ್ಮಲ್ಲೇ ಆಗುತ್ತದೆ. ಕನ್ನಡ ಟೈಪಿಂಗ್ ನನ್ನ ತಂಗಿ ನೋಡಿಕೊಳ್ಳುತ್ತಾಳೆ, ಅವಳಿಗೆ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಅಭ್ಯಾಸ. ನಾನು ಬಳಸುವುದು ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ಟುವ ಸಾಫ್ಟ್‌ವೇರ್. ಕಳೆದ ವೈಶಾಖದಲ್ಲಿ ಕಾರ್ಡಿನಿಂದ ದುಡ್ಡು ಕಟ್ ಆಗದೆ ಸಾಫ್ಟ್‌ವೇರ್ ನಿಂತುಹೋಯಿತು. ಆಲ್ಬಂ ಅರ್ಧ ಆಗಿತ್ತು, ಮೂರು ದಿನ ಕೈ ಕಟ್ಟಿ ಕೂತೆ. ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ‘ಫುಲ್ ವರ್ಷನ್’ ಹಾಕಿಕೊಡುತ್ತೇನೆ ಅನ್ನುತ್ತಾನೆ. ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳೋಣ ಅಂದರೆ ಕನ್ನಡ ಒಡೆಯುತ್ತದೆ, ಪ್ರೆಸ್‌ನವರು ತೆಗೆದುಕೊಳ್ಳುವುದಿಲ್ಲ, ವ್ಯಾಪಾರಕ್ಕೆ ಬಳಸಿದರೆ ಕೇಸ್ ಆಗುತ್ತದೆ ಅಂತೆಲ್ಲ ಹೇಳುತ್ತಾರೆ. ಬಾಡಿಗೆ ನಿಲ್ಲಿಸಿದರೆ ಹಳೆಯ ಪಿಎಸ್‌ಡಿ, ಅಂದರೆ ಫೋಟೋಶಾಪ್ ಫೈಲ್‌ಗಳ ಗತಿ ಏನು? ಕಂಪ್ಯೂಟರ್ ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಕ್ಯಾಮೆರಾ ನಿಕಾನ್. ತಂಗಿ ಟೈಪಿಂಗ್ ಮೊದಲಿನಿಂದ ಕಲಿಯಬೇಕಾಗುತ್ತದಾ?

ಉತ್ತರ: ಸೀಸನ್ ಮಧ್ಯೆ ಮೂರು ದಿನ ಕೆಲಸ ನಿಂತರೆ ಏನಾಗುತ್ತದೆ ಅಂತ ನನಗೆ ಗೊತ್ತು. ಚಿಕ್ಕಮಗಳೂರಿನಲ್ಲಿ 20 ವರ್ಷಕ್ಕೂ ಜಾಸ್ತಿ ಡಿಟಿಪಿ, ಪ್ರಿಂಟಿಂಗ್ ಕೆಲಸದಲ್ಲೇ ಇದ್ದೇನೆ. ಮದುವೆ ಮನೆಯವರಿಗೆ ಸಾಫ್ಟ್‌ವೇರ್ ಕಥೆ ಬೇಡ, ಆಲ್ಬಂ ಬೇಕು. ನಿಮ್ಮ ಪತ್ರದಲ್ಲಿ ದುಡ್ಡಿನ ಲೆಕ್ಕಕ್ಕಿಂತ ಜಾಸ್ತಿ ಕಂಡದ್ದು ಒಂದು ಭಯ. ನನ್ನ ಅಂಗಡಿಯ ಬೀಗದ ಕೈ ಬೇರೆ ಯಾರ ಹತ್ತಿರವೋ ಇದೆ ಅನ್ನುವ ಭಯ. ಅದು ನ್ಯಾಯವಾದದ್ದೇ.

ಎಲ್ಲರೂ ಕೇಳುವುದು, “ಫೋಟೋಶಾಪ್ ಬದಲಿಗೆ ಯಾವುದು ಹಾಕಲಿ?” ಅಂತ. ನಾನು ತಿರುಗಿ ಕೇಳುವುದು, “ನಿಮ್ಮ ಫೈಲ್ ಕೊನೆಗೆ ಎಲ್ಲಿಗೆ ಹೋಗುತ್ತದೆ?” ಅಂತ. ಆಲ್ಬಂ ಲ್ಯಾಬಿಗೆ ಹೋಗುವ ಫೈಲ್ ಬೇರೆ. ಬ್ಯಾನರ್ ಮಷೀನಿಗೆ ಹೋಗುವುದು ಬೇರೆ. ಆಫ್‌ಸೆಟ್ ಪ್ರೆಸ್ಸಿಗೆ ಹೋಗುವುದು ಪೂರ್ತಿ ಬೇರೆ. ಒಂದೇ ಸಾಫ್ಟ್‌ವೇರ್ ಇವೆಲ್ಲಕ್ಕೂ ಬೇಕು ಅಂತ ಹೊರಟರೆ ಬಾಡಿಗೆಯದೇ ಕೊನೆಗೆ ಉಳಿಯುವುದು. ಕೆಲಸವನ್ನು ಬಿಡಿಸಿ ನೋಡಿದರೆ ದಾರಿ ಕಾಣುತ್ತದೆ.

ಅದಕ್ಕೂ ಮೊದಲು ನಿಮ್ಮ ಕಿವಿಗೆ ಬಿದ್ದ ಮಾತುಗಳನ್ನು ಸ್ವಲ್ಪ ಸೋಸೋಣ.

ವ್ಯಾಪಾರಕ್ಕೆ ಬಳಸಿದರೆ ಕೇಸ್ ಅನ್ನುವುದು ಸುಳ್ಳು. ಫೋಟೋ ತಿದ್ದುವ ಜಿಂಪ್, ಡಿಸೈನ್ ಮಾಡುವ ಇಂಕ್‌ಸ್ಕೇಪ್, ಚಿತ್ರ ಬರೆಯುವ ಕ್ರೀಟಾ, ಪುಟ ಜೋಡಿಸುವ ಸ್ಕ್ರೈಬಸ್, ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ) ಫೈಲ್ ತಿದ್ದುವ ಡಾರ್ಕ್‌ಟೇಬಲ್ ಇವೆಲ್ಲ ಜಿಪಿಎಲ್ ಅನ್ನುವ ಲೈಸೆನ್ಸ್‌ನಲ್ಲಿ ಬರುವ ಮುಕ್ತ ತಂತ್ರಾಂಶಗಳು. ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು, ದುಡಿಯಬಹುದು. ಆ ಲೈಸೆನ್ಸ್‌ನ ಷರತ್ತುಗಳು ಸಾಫ್ಟ್‌ವೇರನ್ನೇ ಇನ್ನೊಬ್ಬರಿಗೆ ಹಂಚುವವರಿಗೆ ಮುಖ್ಯ. ಅದರಲ್ಲಿ ಮಾಡಿದ ಆಲ್ಬಂ ನಿಮ್ಮದು, ಅದರ ದುಡ್ಡೂ ನಿಮ್ಮದು.

ಕೇಸ್ ಆಗುವುದು ಪೆನ್‌ಡ್ರೈವ್‌ನಲ್ಲಿ ಬರುವ ‘ಫುಲ್ ವರ್ಷನ್’ಗೆ. ಕಳ್ಳ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ನನ್ನನ್ನು ಜಾಸ್ತಿ ಹೆದರಿಸುವುದು ಕಾನೂನಲ್ಲ. ಆ ‘ಫುಲ್ ವರ್ಷನ್’ ಹಾಕುವಾಗ ಮೊದಲ ಸೂಚನೆಯೇ “ಆಂಟಿವೈರಸ್ ಆಫ್ ಮಾಡಿ” ಅಂತ ಇರುತ್ತದೆ. ಅಂದರೆ ಕಾವಲುಗಾರನನ್ನು ನೀವೇ ಮನೆಗೆ ಕಳಿಸಿದ ಹಾಗೆ. ನಮ್ಮ ಕಡೆಯ ಒಬ್ಬ ಸ್ಟುಡಿಯೋದವರು ಹಾಗೆ ಮಾಡಿದ ಎರಡನೇ ವಾರಕ್ಕೆ ಹಾರ್ಡ್‌ಡಿಸ್ಕ್‌ನ ಎಲ್ಲ ಫೈಲ್‌ಗಳಿಗೂ ಬೀಗ ಬಿದ್ದಿತ್ತು. ತೆಗೆಯಲು ದುಡ್ಡು ಕೇಳುವ ಒಂದು ಇಂಗ್ಲಿಷ್ ಪತ್ರ ಮಾತ್ರ ಓದಲು ಬರುತ್ತಿತ್ತು. ಎರಡು ಮದುವೆಯ ಫೋಟೋ ಅದರಲ್ಲೇ ಇತ್ತು, ಬ್ಯಾಕಪ್ ಇರಲಿಲ್ಲ. ಮಗಳ ಧಾರೆಯ ಫೋಟೋ ಇಲ್ಲ ಅಂತ ಒಬ್ಬ ತಾಯಿಗೆ ಹೇಳುವ ಸ್ಥಿತಿ ಯಾರಿಗೂ ಬರಬಾರದು. ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೂ ಬೇಡ.

ಬಾಡಿಗೆ ನಿಲ್ಲಿಸಿದರೆ ಫೈಲ್ ಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿರುವ ಜೆಪೆಗ್, ರಾ, ಪಿಎಸ್‌ಡಿ ಎಲ್ಲವೂ ಅಲ್ಲೇ ಇರುತ್ತವೆ. ಪಿಎಸ್‌ಡಿ ಜಿಂಪ್‌ನಲ್ಲೂ ತೆರೆಯುತ್ತದೆ, ಕ್ರೀಟಾ, ಅಫಿನಿಟಿ, ಫೋಟೋಪೀಯಲ್ಲೂ ತೆರೆಯುತ್ತದೆ (ಕೊನೆಯ ಎರಡರ ಬಗ್ಗೆ ಮುಂದೆ ಹೇಳುತ್ತೇನೆ). ಫೋಟೋಶಾಪ್ ಕಂಪನಿಯದೇ ಆದ ಲೈಟ್‌ರೂಮ್ ಕ್ಲಾಸಿಕ್ ಬಳಸುತ್ತಿದ್ದರೆ, ಬಾಡಿಗೆ ನಿಂತ ಮೇಲೂ ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ತಿದ್ದುವ ‘ಡೆವಲಪ್’ ಭಾಗ ಮುಚ್ಚಿಕೊಳ್ಳುತ್ತದೆ. ಕಂಪನಿಯ ಕ್ಲೌಡ್‌ನಲ್ಲಿ ಇಟ್ಟದ್ದಕ್ಕೆ ಮಾತ್ರ ಹುಷಾರಾಗಿರಬೇಕು, ಯಾಕೆಂದರೆ ಅಲ್ಲಿನ ಜಾಗ ಕಡಿಮೆಯಾಗುತ್ತದೆ. ಇನ್ನೊಂದು ಸಣ್ಣ ಮುಳ್ಳಿದೆ: ಬಾಡಿಗೆ ಜೊತೆ ಬಂದ ಫಾಂಟ್‌ಗಳು ಬಾಡಿಗೆ ಜೊತೆಗೇ ಹೋಗುತ್ತವೆ. ಆಗ ಹಳೆಯ ಪಿಎಸ್‌ಡಿಯ ಅಕ್ಷರ ತಿದ್ದಲು ಹೋದರೆ ಬೇರೆ ಫಾಂಟ್ ಬಂದು ಕೂರುತ್ತದೆ.

ಈ ಬಾಡಿಗೆ ಪದ್ಧತಿ ಯಾವಾಗಿನಿಂದ ಬಂತು ಅಂತ ಹೊಸಬರು ಕೇಳುತ್ತಾರೆ. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಕೊನೆಯ ಫೋಟೋಶಾಪ್ 2012ರ ಸಿಎಸ್6. ಇನ್ನು ಮುಂದೆ ಬಾಡಿಗೆ ಮಾತ್ರ ಅಂತ ಅದರ ಕಂಪನಿ ಅಡೋಬಿ 2013ರ ಮೇ ತಿಂಗಳಲ್ಲಿ ಹೇಳಿತು. ಸಿಎಸ್6 ಇಟ್ಟುಕೊಂಡು ಈಗಲೂ ಕೆಲಸ ಮಾಡುವವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಆದರೆ 2015ರ ನಂತರ ಬಂದ ಕ್ಯಾಮೆರಾಗಳ ರಾ ಫೈಲನ್ನು ಅದು ನೇರವಾಗಿ ತೆರೆಯುವುದಿಲ್ಲ. ಒಮ್ಮೆ ಕೊಂಡ ಸಾಫ್ಟ್‌ವೇರ್ ನಿಮ್ಮದಾಗಿಯೇ ಉಳಿಯುತ್ತದೆ, ಆದರೆ ಅದರ ಸುತ್ತಲಿನ ಕ್ಯಾಮೆರಾ, ವಿಂಡೋಸ್ ಎಲ್ಲ ಮುಂದೆ ಹೋಗಿಬಿಡುತ್ತವೆ.

ನಿಮ್ಮ ಕಾರ್ಡಿನ ವಿಷಯಕ್ಕೂ ಒಂದು ಮಾತು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿದೆ. ತಾನಾಗಿ ದುಡ್ಡು ಕಟ್ ಆಗಬೇಕಾದರೆ ಆ ಕಾರ್ಡಿನ ಮೇಲೆ ಒಪ್ಪಿಗೆ ದಾಖಲಾಗಿರಬೇಕು, ಕಟ್ ಆಗುವ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಕಾರ್ಡ್ ಬದಲಾಗಿದ್ದರೆ ಹಳೆಯ ಒಪ್ಪಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಸದ್ಯಕ್ಕೆ ಬಾಡಿಗೆ ಮುಂದುವರಿಸುವುದಾದರೆ ಇದನ್ನು ಈ ವಾರವೇ ನೋಡಿಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಮುಖ್ಯ ಆದಾಯ ಆಲ್ಬಂ ಅಲ್ವಾ? ಅಲ್ಲೇ ನಿಮಗೆ ಅತಿ ಕಡಿಮೆ ತೊಂದರೆ. ಲ್ಯಾಬಿನವರು ಕೇಳುವುದು ಜೆಪೆಗ್. ಫೋಟೋ ಪೇಪರ್ ಮೇಲೆ ಪ್ರಿಂಟ್ ಆಗುವ ಆಲ್ಬಮ್ಮಿಗೆ ಸಿಎಂವೈಕೆ (ಅಚ್ಚಿನ ನಾಲ್ಕು ಇಂಕಿನ ಬಣ್ಣ ಪದ್ಧತಿ) ಬೇಕಾಗಿಯೇ ಇಲ್ಲ, ಸ್ಕ್ರೀನಿನ ಬಣ್ಣ ಪದ್ಧತಿಯಾದ ಎಸ್‌ಆರ್‌ಜಿಬಿ ಸಾಕು. ಆ ಜೆಪೆಗ್ ಯಾವ ಸಾಫ್ಟ್‌ವೇರಿನಿಂದ ಬಂತು ಅಂತ ಲ್ಯಾಬಿನ ಮಷೀನಿಗೆ ಗೊತ್ತಾಗುವುದೂ ಇಲ್ಲ.

ತೊಡಕಿರುವುದು ರೆಡಿಮೇಡ್ ಪಿಎಸ್‌ಡಿ ಟೆಂಪ್ಲೇಟ್‌ಗಳಲ್ಲಿ. 12×36ರ ಹಾಳೆ, ಅದರಲ್ಲಿ ಚೌಕಟ್ಟು, ಚೌಕಟ್ಟಿನೊಳಗೆ ಫೋಟೋ ಕೂರಿಸುವ ಕ್ಲಿಪ್ಪಿಂಗ್ ಮಾಸ್ಕ್. ಜಿಂಪ್‌ನಲ್ಲಿ ತೆರೆದರೆ ಇವೆಲ್ಲ ಇದ್ದ ಹಾಗೇ ಬರುತ್ತವೆ ಅಂತ ನಂಬಬೇಡಿ. ಈ ಒಂದು ಕೆಲಸಕ್ಕೆ ಫೋಟೋಪೀ ಉತ್ತಮ. ಬ್ರೌಸರಿನಲ್ಲೇ ತೆರೆಯುತ್ತದೆ, ನೋಡಲು ಫೋಟೋಶಾಪ್ ಥರವೇ ಇದೆ, ಸ್ಮಾರ್ಟ್ ಆಬ್ಜೆಕ್ಟ್, ಕ್ಲಿಪ್ಪಿಂಗ್ ಮಾಸ್ಕ್ ಎರಡನ್ನೂ ಅರ್ಥ ಮಾಡಿಕೊಳ್ಳುತ್ತದೆ. ಜಾಹೀರಾತು ಕಾಣುವುದನ್ನು ಸಹಿಸಿದರೆ ಉಚಿತ. ಫೋಟೋಗಳು ಅವರ ಸರ್ವರಿಗೆ ಹೋಗುವುದಿಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ನಡೆಯುತ್ತದೆ.

ಆದರೆ 8 ಜಿಬಿ ರ‍್ಯಾಮ್‌ನ ಲೆಕ್ಕ ನೋಡಿ. 12×36 ಇಂಚನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಇಟ್ಟರೆ 3600×10800 ಪಿಕ್ಸೆಲ್. ಹಾಳೆ ತುಂಬ ಇರುವ ಒಂದು ಲೇಯರಿಗೇ (ಪದರಕ್ಕೇ) ಸುಮಾರು 155 ಎಂಬಿ ಜಾಗ ಬೇಕು. ಇಪ್ಪತ್ತು ಲೇಯರ್ ಆದರೆ 3 ಜಿಬಿ ದಾಟಿತು. ವಿಂಡೋಸ್, ಬ್ರೌಸರ್ ತಿನ್ನುವುದು ಬೇರೆ. ಉಚಿತ ಸಾಫ್ಟ್‌ವೇರ್ ನಿಧಾನ ಅಂತ ಎಷ್ಟೋ ಜನ ಬಯ್ಯುತ್ತಾರಲ್ಲ, ಅದರಲ್ಲಿ ಅರ್ಧ ತಪ್ಪು ರ‍್ಯಾಮಿನದು. ಬಾಡಿಗೆ ನಿಲ್ಲಿಸಿದರೆ ಉಳಿಯುವ ಮೊದಲ ದುಡ್ಡಿನಲ್ಲಿ ರ‍್ಯಾಮ್ 16 ಜಿಬಿ ಮಾಡಿಸಿ. ಹಳೆಯ ಹಾರ್ಡ್‌ಡಿಸ್ಕ್ ಮೇಲೆ ವಿಂಡೋಸ್ ಓಡುತ್ತಿದ್ದರೆ ಒಂದು ಎಸ್‌ಎಸ್‌ಡಿ ಹಾಕಿಸಿ.

ರಾ ಫೈಲ್ ತಿದ್ದಲು ನೀವು ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ. ನಿಕಾನ್ ಕಂಪನಿಯೇ 2021ರಲ್ಲಿ ಎನ್‌ಎಕ್ಸ್ ಸ್ಟುಡಿಯೋ ಅಂತ ಉಚಿತ ಸಾಫ್ಟ್‌ವೇರ್ ಕೊಟ್ಟಿದೆ. ಕ್ಯಾನನ್‌ನವರಿಗೆ ಡಿಜಿಟಲ್ ಫೋಟೋ ಪ್ರೊಫೆಷನಲ್ ಇದೆ, ಸೋನಿಯವರಿಗೆ ಇಮೇಜಿಂಗ್ ಎಡ್ಜ್. ಕ್ಯಾಮೆರಾ ಜೊತೆ ಬಂದ ಹಕ್ಕು ಇದು. ಆದರೂ ನಮ್ಮ ಕಡೆ ಹತ್ತರಲ್ಲಿ ಎಂಟು ಜನ ಇದನ್ನು ಒಮ್ಮೆಯೂ ತೆರೆದು ನೋಡಿಲ್ಲ ಅಂತ ನನ್ನ ಅನುಭವ. ಇದರ ದೊಡ್ಡ ಲಾಭ ಏನೆಂದರೆ, ಕ್ಯಾಮೆರಾದ ಸ್ಕ್ರೀನಿನಲ್ಲಿ ನೋಡಿದ ಬಣ್ಣವೇ ಇಲ್ಲೂ ಬರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಮದುವೆಗೆ ಮುಂಚಿನ ಶೂಟಿಂಗಿಗೆ ನೀವೂ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಹೋಗಿರುತ್ತೀರಿ. ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲಿಸಿ ತೆಗೆದ ಫೋಟೋದಲ್ಲಿ ಮುಖಕ್ಕೆ ಒಂದು ಥರ ಹಸಿರು ಕಳೆ ಬರುತ್ತದೆ. ಬಿಸಿಲು ಎಲೆಗಳ ಮೂಲಕ ಸೋಸಿ ಬರುವುದರಿಂದ, ಸುತ್ತಲಿನ ಗಿಡದ ಹಸಿರು ಮುಖದ ಮೇಲೆ ಬೀಳುವುದರಿಂದ ಹೀಗಾಗುತ್ತದೆ. ತುಂಬಾ ಜನ ಬ್ರೈಟ್‌ನೆಸ್ ಏರಿಸಿ, ಚರ್ಮ ನುಣುಪು ಮಾಡಿ ಮುಚ್ಚಲು ನೋಡುತ್ತಾರೆ. ಕಳೆ ಹೋಗುವುದಿಲ್ಲ. ರಾ ಫೈಲನ್ನು ಎನ್‌ಎಕ್ಸ್ ಸ್ಟುಡಿಯೋದಲ್ಲಿ ತೆರೆದು, ವೈಟ್ ಬ್ಯಾಲೆನ್ಸ್‌ನಲ್ಲಿ ಗ್ರೇ ಪಾಯಿಂಟ್ ತೆಗೆದುಕೊಂಡು ಹುಡುಗನ ಬಿಳಿ ಪಂಚೆಯ ಮೇಲೆ ಒಂದು ಕ್ಲಿಕ್ ಮಾಡಿ. ಪಂಚೆ ಬೆಳಕಿಗೆ ಸುಟ್ಟುಹೋಗಿರಬಾರದು, ಮುಖದ ಮೇಲಿನ ಬೆಳಕೇ ಅದರ ಮೇಲೂ ಇರಬೇಕು, ಅಷ್ಟೇ. ಪಂಚೆ ಬೆಳ್ಳಗಾದಾಗ ಮುಖವೂ ತನ್ನ ಬಣ್ಣಕ್ಕೆ ಬರುತ್ತದೆ. ಅದೇ ತಿದ್ದುಪಡಿಯನ್ನು ಆ ಜಾಗದಲ್ಲಿ ತೆಗೆದ ಉಳಿದ ಫೋಟೋಗಳಿಗೂ ಕಾಪಿ ಮಾಡಿ.

ಡಾರ್ಕ್‌ಟೇಬಲ್ ಇದಕ್ಕಿಂತ ಶಕ್ತಿಶಾಲಿ. ಬೇಲೂರಿನ ನವರಂಗದಂಥ ಕತ್ತಲೆ ಜಾಗದ ಫೋಟೋದಲ್ಲಿ ನೆರಳಿನೊಳಗಿನ ಕೆತ್ತನೆ ಎತ್ತಲು ನಾನು ಅದನ್ನೇ ಬಳಸುತ್ತೇನೆ. ಆದರೆ ಕಲಿಯಲು ಸಮಯ ಬೇಕು. ಮೊದಲ ಸಲ ತೆರೆದಾಗ ಫೋಟೋ ಸಪ್ಪೆ ಕಾಣುತ್ತದೆ, ಅದನ್ನು ನೋಡಿಯೇ ಎಷ್ಟೋ ಜನ ಮುಚ್ಚಿಬಿಡುತ್ತಾರೆ. ನೀವು ಎನ್‌ಎಕ್ಸ್ ಸ್ಟುಡಿಯೋದಿಂದ ಶುರು ಮಾಡಿ.

ಬ್ಯಾನರ್ ವಿಷಯ ಬೇಗ ಮುಗಿಸುತ್ತೇನೆ. 10×4 ಅಡಿಯ ಬ್ಯಾನರಿಗೆ 72 ಡಿಪಿಐ ಸಾಕು, 8640×3456 ಪಿಕ್ಸೆಲ್. ಜನ ನೋಡುವುದು ದೂರದಿಂದ. ಮಷೀನಿನ ಜೊತೆ ಇರುವ ರಿಪ್ ಅನ್ನುವ ಸಾಫ್ಟ್‌ವೇರೇ ಬಣ್ಣವನ್ನು ಇಂಕಿಗೆ ಬದಲಾಯಿಸುತ್ತದೆ. ಜೆಪೆಗ್ ಅಥವಾ ಟಿಫ್ ಕೊಟ್ಟರೆ ನಡೆಯುತ್ತದೆ. ರಾಣಿ ಪಿಂಕ್ ಸೀರೆ, ಗಿಳಿಹಸಿರು ರವಿಕೆ ಮಾತ್ರ ಸ್ಕ್ರೀನಿನಲ್ಲಿ ಕಂಡಷ್ಟು ಹೊಳೆಯುವುದಿಲ್ಲ. ಆ ಬಣ್ಣಗಳು ನಾಲ್ಕು ಇಂಕಿನಲ್ಲಿ ಹುಟ್ಟುವುದೇ ಇಲ್ಲ. ಯಾವ ಸಾಫ್ಟ್‌ವೇರ್ ಕೊಂಡರೂ ಅಷ್ಟೇ.

ಲಗ್ನಪತ್ರಿಕೆ ಹಾಗಲ್ಲ. ಇಲ್ಲಿ ಕನ್ನಡವೂ ಇದೆ, ಪ್ರೆಸ್ಸೂ ಇದೆ. ನಿಮಗೆ ಹೇಳಿದ ಎರಡು ಎಚ್ಚರಿಕೆಗಳಲ್ಲಿ ಸ್ವಲ್ಪ ಸತ್ಯ ಇರುವುದು ಇಲ್ಲೇ.

ಕನ್ನಡ ಯಾಕೆ ಒಡೆಯುತ್ತದೆ? ‘ಅರ್ಚನಾ’ ಅನ್ನುವ ಹೆಸರು ತೆಗೆದುಕೊಳ್ಳಿ. ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವುದು ಅ, ರ, ಒಂದು ಹಲಂತ, ಚ, ನ, ಒಂದು ದೀರ್ಘದ ಗುರುತು. ಕಾಗದದ ಮೇಲೆ ನಮಗೆ ಬೇಕಾದದ್ದು ಚ ಮೊದಲು, ಅದರ ಪಕ್ಕದಲ್ಲಿ ಅರ್ಕಾವತ್ತು. ಟೈಪ್ ಮಾಡಿದ ಕ್ರಮ ಒಂದು, ಕಾಣುವ ಕ್ರಮ ಇನ್ನೊಂದು. ಇದನ್ನು ಹಿಂದೆಮುಂದೆ ಮಾಡಿ, ಒತ್ತನ್ನು ಕೆಳಗೆ ಕೂರಿಸುವ ಕೆಲಸ ಸಾಫ್ಟ್‌ವೇರಿನದು. ಅದು ಫಾಂಟಿನೊಳಗಿನ ನಿಯಮ ಓದಿ ಹಾಗೆ ಮಾಡಬೇಕು. ಓದಲು ಬಾರದಿದ್ದರೆ ರ, ಚ ಎರಡೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಳೆಯ ಫೋಟೋಶಾಪ್‌ನಲ್ಲೂ ಹೀಗೇ ಆಗುತ್ತಿತ್ತು. ಆಮೇಲಿನ ಆವೃತ್ತಿಗಳಲ್ಲೂ ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಲೇಔಟ್ ಆರಿಸಬೇಕಾಗುತ್ತಿತ್ತು.

ನುಡಿಯ ಹಳೆಯ ಆಸ್ಕಿ ಫಾಂಟ್ ಈ ತೊಂದರೆಯನ್ನು ಬೇರೆ ಥರ ದಾಟಿತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿತು. ಕಂಪ್ಯೂಟರಿಗೆ ಅದು ಇಂಗ್ಲಿಷೇ, ಕಣ್ಣಿಗೆ ಮಾತ್ರ ಕನ್ನಡ. ಅದಕ್ಕೇ ಪುಟ, ಪತ್ರಿಕೆ ವಿನ್ಯಾಸದ ಪೇಜ್‌ಮೇಕರ್, ಕೋರೆಲ್‌ಡ್ರಾ ಎಲ್ಲದರಲ್ಲೂ ಒಡೆಯದೆ ಬಂತು. ಆ ದಿನಗಳಲ್ಲಿ ಕರ್ನಾಟಕದ ಎಷ್ಟೋ ಡಿಟಿಪಿ ನಡೆದದ್ದು ಅದರಿಂದ, ಆ ಋಣ ನನಗಿದೆ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ಚಿಹ್ನೆಗಳ ರಾಶಿ. ವಾಟ್ಸಾಪ್‌ಗೆ ಕಾಪಿ ಮಾಡಿದರೂ ಅದೇ ಗತಿ.

ಈಗ ನೀವು ನಿರೀಕ್ಷಿಸದ ಸಂಗತಿ. ಕನ್ನಡದ ಮಟ್ಟಿಗೆ ಜಿಂಪ್, ಇಂಕ್‌ಸ್ಕೇಪ್ ಎರಡೂ ದುಡ್ಡಿನ ಎಷ್ಟೋ ಸಾಫ್ಟ್‌ವೇರ್‌ಗಳಿಗಿಂತ ಚೆನ್ನಾಗಿವೆ. ಅಕ್ಷರ ಜೋಡಿಸಲು ಇವು ಬಳಸುವುದು ಹಾರ್ಫ್‌ಬಜ್ ಅನ್ನುವ ಮುಕ್ತ ವ್ಯವಸ್ಥೆ, ಅದಕ್ಕೆ ಭಾರತೀಯ ಲಿಪಿಗಳ ನಿಯಮ ಚೆನ್ನಾಗಿ ಗೊತ್ತು. ಯೂನಿಕೋಡ್ ಫಾಂಟ್‌ಗೂ ಈಗ ಬರವಿಲ್ಲ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಪತ್ರಿಕೆಯ ಒಳಗಿನ ಸಾಲುಗಳಿಗೆ ಚೆಂದ. ಬಾಲೂ ತಮ್ಮ ಬ್ಯಾನರಿಗೆ ತುಂಬಿಕೊಂಡು ಕಾಣುತ್ತದೆ. ಇವೆಲ್ಲ ವ್ಯಾಪಾರಕ್ಕೂ ಉಚಿತ.

ಯಾವುದೇ ಸಾಫ್ಟ್‌ವೇರ್ ಒಪ್ಪುವ ಮೊದಲು ಅದರಲ್ಲಿ ಇಷ್ಟು ಟೈಪ್ ಮಾಡಿಸಿ ನೋಡಿ: ಶ್ರೀ ಲಕ್ಷ್ಮೀ, ಕೃಷ್ಣ, ಅರ್ಚನಾ, ರಾಷ್ಟ್ರ, ಸ್ವಾತಂತ್ರ್ಯ. ಎರಡೆರಡು ಒತ್ತು, ಅರ್ಕಾವತ್ತು, ಋಕಾರ ಎಲ್ಲವೂ ಇದರಲ್ಲಿದೆ. ಐದೂ ಸರಿ ಬಂದರೆ ಪತ್ರಿಕೆಗೆ ಆ ಸಾಫ್ಟ್‌ವೇರನ್ನು ನಂಬಬಹುದು.

ಪ್ರೆಸ್‌ನವರ ಮಾತಿಗೆ ಬರೋಣ. ನಿಮ್ಮ ಪತ್ರಿಕೆಗಳಲ್ಲಿ ಜಾಸ್ತಿ ಪಾಲು ರೆಡಿಮೇಡ್ ಕಾರ್ಡಿನ ಮೇಲೆ ಒಂದೇ ಬಣ್ಣದಲ್ಲಿ ಅಚ್ಚಾಗುವುದು, ಕೆಂಪೋ ಮರೂನೋ. ಹಾಗಿದ್ದರೆ ಸಿಎಂವೈಕೆ ಮಾತೇ ಬರುವುದಿಲ್ಲ. ಒಂದೊಂದು ಇಂಕಿಗೆ ಒಂದೊಂದು ಅಚ್ಚಿನ ಪ್ಲೇಟ್ ಬೇಕು, ಇಲ್ಲಿ ಪ್ಲೇಟ್ ಒಂದೇ. ಅಚ್ಚ ಕಪ್ಪಿನಲ್ಲಿ ಪಿಡಿಎಫ್ ಕೊಡಿ, ಇಂಕ್ ಅವರು ಹಾಕುತ್ತಾರೆ.

ನಾಲ್ಕು ಬಣ್ಣದ ಆಫ್‌ಸೆಟ್ ಆದರೆ ಅವರು ಸಿಎಂವೈಕೆ ಕೇಳುವುದಕ್ಕೆ ಗಟ್ಟಿ ಕಾರಣ ಇದೆ. ಆರ್‌ಜಿಬಿಯ, ಅಂದರೆ ಸ್ಕ್ರೀನಿನ ಬಣ್ಣ ಪದ್ಧತಿಯ, ಕಪ್ಪು ಅಕ್ಷರ ಪ್ಲೇಟಿಗೆ ಹೋಗುವಾಗ ನಾಲ್ಕೂ ಇಂಕ್ ಸೇರಿದ ಕಪ್ಪಾಗಿಬಿಡುತ್ತದೆ. ಮಷೀನಿನಲ್ಲಿ ಒಂದು ಪ್ಲೇಟ್ ಕೂದಲಷ್ಟು ಸರಿದರೂ ಅಕ್ಷರದ ಪಕ್ಕ ಕೆಂಪು, ನೀಲಿ ನೆರಳು ಕಾಣುತ್ತದೆ. ಚಿಕ್ಕ ಅಕ್ಷರದ ಒತ್ತುಗಳ ಹೊಟ್ಟೆ ತುಂಬಿ ಮುಚ್ಚಿಹೋಗುತ್ತದೆ. ಇಂಗ್ಲಿಷಿಗಿಂತ ಕನ್ನಡಕ್ಕೆ ಈ ಪೆಟ್ಟು ಜಾಸ್ತಿ, ನಮ್ಮ ಅಕ್ಷರವೆಲ್ಲ ಸುರುಳಿ ಅಲ್ವಾ. ಅಕ್ಷರ ಕಪ್ಪು ಇಂಕ್ ಒಂದರಲ್ಲೇ ಬರಬೇಕು.

ಇಂಕ್‌ಸ್ಕೇಪ್ ಕೊಡುವ ಪಿಡಿಎಫ್ ಆರ್‌ಜಿಬಿ. ಅದು ಅದರ ಕೊರತೆ. ಜಿಂಪ್‌ನಲ್ಲೂ ಸಿಎಂವೈಕೆಯಲ್ಲೇ ಕೂತು ಕೆಲಸ ಮಾಡಲು ಬರುವುದಿಲ್ಲ. 2025ರ ಮಾರ್ಚ್‌ನಲ್ಲಿ ಬಂದ ಜಿಂಪ್ 3ರಲ್ಲಿ ಟಿಫ್, ಜೆಪೆಗ್ ಹೊರಗೆ ಕಳಿಸುವಾಗ ಸಿಎಂವೈಕೆಗೆ ಬದಲಾಯಿಸಬಹುದು. ಫೋಟೋಗೆ ಅದು ಸಾಕು, ಚಿಕ್ಕ ಅಕ್ಷರಕ್ಕೆ ಸಾಲದು. ಆ ಜಾಗ ತುಂಬುವುದು ಸ್ಕ್ರೈಬಸ್. 2024ರ ಜನವರಿಯಲ್ಲಿ ಬಂದ 1.6ನೇ ಆವೃತ್ತಿ ಕನ್ನಡದಂಥ ಲಿಪಿಗಳ ಜೋಡಣೆ ಮಾಡುತ್ತದೆ, ಕಪ್ಪನ್ನು ಒಂದೇ ಇಂಕಿನಲ್ಲಿ ಇಡುತ್ತದೆ, ಪ್ರೆಸ್ಸಿಗೆ ಬೇಕಾದ ಪಿಡಿಎಫ್ ಕೊಡುತ್ತದೆ. ನೋಡಲು ಅಷ್ಟು ಚೆಂದ ಇಲ್ಲ. ಹಳೆಯ ಪೇಜ್‌ಮೇಕರ್ ಗೊತ್ತಿದ್ದವರಿಗೆ ಬೇಗ ಕೈಗೆ ಹತ್ತುತ್ತದೆ.

ಕೋರೆಲ್ ಫೈಲೇ ಬೇಕು ಅಂತ ಪ್ರೆಸ್‌ನವರು ಹಟ ಹಿಡಿಯುವುದು ಬೇರೆ ಕಾರಣಕ್ಕೆ. ಕೊನೆ ಗಳಿಗೆಯಲ್ಲಿ ಮುಹೂರ್ತದ ಸಮಯವೋ ಹೆಸರಿನ ಒತ್ತೋ ತಿದ್ದಬೇಕಾದರೆ ಅವರೇ ತಿದ್ದಬಹುದು ಅಂತ. ಅವರಿಗೆ ಅದು ಸಲೀಸು, ಆದರೆ ಅಪಾಯವೂ ಅದೇ. ವರ್ಷಗಳ ಹಿಂದೆ ನಾನು ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟು ಒಂದು ಪ್ರೆಸ್ಸಿಗೆ ಫೈಲ್ ಕೊಟ್ಟಿದ್ದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ಬೇರೆ ಬಂದು ಕೂತಿತು, ಯಾರೂ ಗಮನಿಸಲಿಲ್ಲ. 500 ಕಾರ್ಡಿನಲ್ಲಿ ಹುಡುಗಿಯ ಹೆಸರೇ ಒಡೆದಿತ್ತು. ಮದುವೆಗೆ 20 ದಿನ ಇತ್ತು, ಮತ್ತೆ ಅಚ್ಚು ಹಾಕಿಸಿದೆವು. ಅಂದಿನಿಂದ ಪ್ರೆಸ್ಸಿಗೆ ಹೋಗುವ ಪ್ರತಿಯಲ್ಲಿ ಅಕ್ಷರಗಳನ್ನೆಲ್ಲ ಆಕಾರವಾಗಿ ಬದಲಾಯಿಸಿಯೇ ಕೊಡುತ್ತೇನೆ. ಇಂಕ್‌ಸ್ಕೇಪ್‌ನಲ್ಲಿ ಅದಕ್ಕೆ ‘ಆಬ್ಜೆಕ್ಟ್ ಟು ಪಾತ್’ ಅಂತ ಹೆಸರು. ತಿದ್ದಲು ಬರುವ ಪ್ರತಿ ನನ್ನ ಹತ್ತಿರ, ಆಕಾರದ ಪಿಡಿಎಫ್ ಅವರ ಹತ್ತಿರ. ತಿದ್ದುಪಡಿ ಇದ್ದರೆ ಫೋನ್ ಮಾಡಿ ಅಂತ ಹೇಳಿ. ಒಂದೆರಡು ಸಲ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ. ಇಂಕ್‌ಸ್ಕೇಪ್ ಕೋರೆಲ್ ಫೈಲನ್ನು ಒಂದು ಮಟ್ಟಕ್ಕೆ ತೆರೆಯುತ್ತದೆ, ಆದರೆ ಕೋರೆಲ್ ಫೈಲಾಗಿ ಉಳಿಸಲು ಬರುವುದಿಲ್ಲ.

ಇನ್ನು ಅಫಿನಿಟಿ. ಬ್ರಿಟನ್ನಿನ ಸೆರಿಫ್ ಕಂಪನಿಯ ಸಾಫ್ಟ್‌ವೇರ್ ಇದು, ಮೊದಲು ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುತ್ತಿದ್ದೆವು. 2024ರಲ್ಲಿ ಕ್ಯಾನ್ವಾ ಅದನ್ನು ಕೊಂಡಿತು. 2025ರ ಅಕ್ಟೋಬರ್ ಕೊನೆಯಲ್ಲಿ ಫೋಟೋ, ಡಿಸೈನ್, ಪುಟವಿನ್ಯಾಸ ಮೂರನ್ನೂ ಸೇರಿಸಿ ಒಂದೇ ಅಫಿನಿಟಿ ಮಾಡಿ ಉಚಿತವಾಗಿ ಬಿಟ್ಟರು. ಕ್ಯಾನ್ವಾ ಖಾತೆ ತೆರೆಯಬೇಕು. ಎಐ ಸೌಲಭ್ಯಗಳಿಗೆ ಮಾತ್ರ ಬಾಡಿಗೆ. ಸಿಎಂವೈಕೆ ಇದೆ, ಪಿಎಸ್‌ಡಿ ಚೆನ್ನಾಗಿ ತೆರೆಯುತ್ತದೆ, ಫೋಟೋಶಾಪ್‌ನಿಂದ ಬರುವವರಿಗೆ ಹತ್ತಿರದ್ದು ಇದೇ. ಹಾಗಾದರೆ ಇದನ್ನೇ ಯಾಕೆ ಮೊದಲು ಹೇಳಲಿಲ್ಲ ಅಂದರೆ, ಎರಡು ಕಾರಣ. 2022ರ ಎರಡನೇ ಆವೃತ್ತಿಯಲ್ಲೂ ಅದಕ್ಕೆ ಕನ್ನಡದ ಒತ್ತು ಕೂಡಿಸಲು ಬರುತ್ತಿರಲಿಲ್ಲ. ಹೊಸದರಲ್ಲಿ ಆ ಐದು ಪದ ಟೈಪ್ ಮಾಡಿಯೇ ನಿರ್ಧರಿಸಿ. ಒಡೆದರೆ, ಕನ್ನಡದ ಭಾಗವನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಆಕಾರವಾಗಿ ಬದಲಾಯಿಸಿ, ತಂದು ಕೂರಿಸಿ, ಕಪ್ಪನ್ನು ಅಲ್ಲೇ ಒಂದೇ ಇಂಕಿಗೆ ಇಡಿ. ಎರಡನೇ ಕಾರಣ, ಇದು ಒಂದು ಕಂಪನಿ ಕೊಟ್ಟ ಉಚಿತ. ನಾಳೆ ಮನಸ್ಸು ಬದಲಾಯಿಸಬಹುದು. ನಿಮ್ಮ ಹತ್ತಿರ ಈಗಾಗಲೇ ಇರುವ ಜಿಂಪ್, ಇಂಕ್‌ಸ್ಕೇಪನ್ನು ಹಾಗೆ ಹಿಂದಕ್ಕೆ ತೆಗೆದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಬಳಸಿ, ಆದರೆ ಮುಗಿದ ಕೆಲಸದ ಒಂದು ಪ್ರತಿಯನ್ನು ಪಿಎಸ್‌ಡಿ ಅಥವಾ ಟಿಫ್ ಆಗಿಯೂ ಇಟ್ಟುಕೊಳ್ಳಿ.

ದುಡ್ಡು ಕೊಟ್ಟು ಕೊಳ್ಳುವ ಮನಸ್ಸಿದ್ದರೆ ಒಂದು ಎಚ್ಚರಿಕೆ. ಫೋಟೋಶಾಪ್ ಎಲಿಮೆಂಟ್ಸ್ ‘ಒಂದೇ ಸಲದ ದುಡ್ಡು’ ಅನ್ನುವ ಹಾಗೆ ಕಾಣುತ್ತದೆ. 2025ರ ಆವೃತ್ತಿಯಿಂದ ಅದರ ಲೈಸೆನ್ಸ್ 3 ವರ್ಷಕ್ಕೆ ಮಾತ್ರ. ಸಿಎಂವೈಕೆಯೂ ಅದರಲ್ಲಿಲ್ಲ. ನಿಮ್ಮ ಕೆಲಸಕ್ಕೆ ಬೇಡ. ಕೋರೆಲ್‌ಡ್ರಾ ಬಾಡಿಗೆಗೂ ಸಿಗುತ್ತದೆ, ಒಂದೇ ಸಲಕ್ಕೂ ಸಿಗುತ್ತದೆ. ಬೆಲೆ ದೊಡ್ಡದು. ಪತ್ರಿಕೆ, ಬ್ಯಾನರ್ ಕೆಲಸವೇ ಮುಖ್ಯ ಆದಾಯವಾಗಿದ್ದರೆ ಯೋಚಿಸಿ ಅನ್ನುತ್ತಿದ್ದೆ.

ಬಾಡಿಗೆಯೇ ಸರಿ ಅನ್ನುವ ಸಂದರ್ಭವೂ ಇದೆ. ವರ್ಷದ ಬಾಡಿಗೆಯನ್ನು ಮದುವೆಗಳ ಲೆಕ್ಕಕ್ಕೆ ಭಾಗಿಸಿ ನೋಡಿ. ತಿಂಗಳಿಗೆ ನಾಲ್ಕೈದು ಮದುವೆ ಇದ್ದು, ಸಾವಿರಾರು ಫೋಟೋ ಒಂದೇ ದಿನ ತಿದ್ದಬೇಕಾದರೆ ಲೈಟ್‌ರೂಮ್‌ನ ವೇಗಕ್ಕೆ ಬೆಲೆ ಇದೆ. ಹಿನ್ನೆಲೆಯ ಜನರನ್ನು ಎಐನಿಂದ ಅಳಿಸುವುದು, ಜಾಗ ತುಂಬುವುದು ದಿನಾ ಮಾಡುವ ಕೆಲಸವಾಗಿದ್ದರೆ ಉಚಿತದವು ಅದರ ಹತ್ತಿರಕ್ಕೆ ಬರುವುದಿಲ್ಲ. ನಿಮ್ಮ 12–15 ಮದುವೆಗೆ ಬಿಟ್ಟು ನೋಡಬಹುದು ಅಂತ ನನ್ನ ಅಭಿಪ್ರಾಯ.

ಕಂಪ್ಯೂಟರಿನ ಬಗ್ಗೆ ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾಲ್ಕನೇ ತಲೆಮಾರಿನ ಐ5ಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ಹೊಸ ಕಂಪ್ಯೂಟರ್ ಸದ್ಯಕ್ಕೆ ಆಗದಿದ್ದರೆ ಲಿನಕ್ಸ್ ಹಾಕಿ ಜಿಂಪ್, ಇಂಕ್‌ಸ್ಕೇಪ್, ಡಾರ್ಕ್‌ಟೇಬಲ್, ಸ್ಕ್ರೈಬಸ್ ಎಲ್ಲ ಓಡಿಸಬಹುದು. ಎನ್‌ಎಕ್ಸ್ ಸ್ಟುಡಿಯೋ, ಅಫಿನಿಟಿ ಎರಡಕ್ಕೂ ಲಿನಕ್ಸ್ ಆವೃತ್ತಿ ಇಲ್ಲ, ಅದು ನೆನಪಿರಲಿ.

ಬಾಡಿಗೆಯನ್ನು ನಾಳೆಯೇ ನಿಲ್ಲಿಸಬೇಡಿ. ಆಷಾಢಕ್ಕೆ ಕಾಯಿರಿ. ಮದುವೆ ಇರುವುದಿಲ್ಲ, ಕೈ ಖಾಲಿ. ಆ ತಿಂಗಳು ಎರಡೂ ಇರಲಿ. ಮುಗಿದುಹೋದ ಒಂದು ಹಳೆಯ ಮದುವೆ ತೆಗೆದುಕೊಂಡು, ರಾ ಫೈಲಿನಿಂದ ಹಿಡಿದು 12×36ರ ನಾಲ್ಕು ಹಾಳೆವರೆಗೆ ಹೊಸ ಸಾಫ್ಟ್‌ವೇರಿನಲ್ಲಿ ಮಾಡಿ. ಒಂದು ಹಾಳೆ ಲ್ಯಾಬಿಗೆ ಕಳಿಸಿ ಪ್ರಿಂಟ್ ತರಿಸಿ, ಹಳೆಯ ಆಲ್ಬಮ್ಮಿನ ಪಕ್ಕದಲ್ಲಿಟ್ಟು ನೋಡಿ. ಒಂದು ಪತ್ರಿಕೆಯ ಪಿಡಿಎಫ್ ಮಾಡಿ ಪ್ರೆಸ್‌ನವರಿಗೆ ತೋರಿಸಿ. ಸುಮ್ನೆ ಒಪ್ಪುತ್ತಾರಾ ಅಂತ ಕೇಳಬೇಡಿ, ಪ್ಲೇಟಿಗೆ ಹಾಕಿ ನೋಡಲು ಹೇಳಿ.

ಹೊರಬರುವ ಮೊದಲು ನಿಮ್ಮ ಪ್ಲಾನಿನ ಹೆಸರು ಓದಿ. ‘ವಾರ್ಷಿಕ, ತಿಂಗಳಿಗೊಮ್ಮೆ ಪಾವತಿ’ ಅಂತ ಇದ್ದರೆ ಅದು ತಿಂಗಳ ಪ್ಲಾನಲ್ಲ, ವರ್ಷದ ಕರಾರು. ನಡುವೆ ಬಿಟ್ಟರೆ ದಂಡ ಬೀಳಬಹುದು. ಈ ದಂಡವನ್ನು ಸರಿಯಾಗಿ ತಿಳಿಸಿರಲಿಲ್ಲ ಅಂತಲೇ 2024ರ ಜೂನ್‌ನಲ್ಲಿ ಅಮೆರಿಕದ ಸರ್ಕಾರ ಅಡೋಬಿ ಮೇಲೆ ದಾವೆ ಹೂಡಿತು. ವರ್ಷ ಮುಗಿಯುವ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಅದರ ಹತ್ತಿರ ರದ್ದು ಮಾಡಿ. ಲೈಟ್‌ರೂಮ್‌ನಲ್ಲಿ ತಿದ್ದಿದ ಮುಖ್ಯ ಫೋಟೋಗಳನ್ನು ಅಷ್ಟರೊಳಗೆ 16 ಬಿಟ್ ಟಿಫ್ ಆಗಿ ತೆಗೆದಿಡಿ. ಅಲ್ಲಿನ ತಿದ್ದುಪಡಿ ಇನ್ನೊಂದು ಸಾಫ್ಟ್‌ವೇರಿಗೆ ಪೂರ್ತಿಯಾಗಿ ಬರುವುದಿಲ್ಲ. ಕ್ಲೌಡ್‌ನಲ್ಲಿರುವುದನ್ನೆಲ್ಲ ಕೆಳಗಿಳಿಸಿ. ಬಾಡಿಗೆ ಫಾಂಟ್ ಬಳಸಿದ ಡಿಸೈನುಗಳಿಗೆ ಒಂದೊಂದು ಪಿಡಿಎಫ್ ಪ್ರತಿ ಮಾಡಿ. ನುಡಿಯ ಆಸ್ಕಿ ಫಾಂಟ್‌ಗಳನ್ನು ಅಳಿಸಬೇಡಿ, ಹಳೆಯ ಪತ್ರಿಕೆ ತೆರೆಯಲು ಬೇಕಾಗುತ್ತವೆ.

ನಿಮ್ಮ ತಂಗಿಯ ಪ್ರಶ್ನೆ ಉಳಿಯಿತು. ಅವರು ಮೊದಲಿನಿಂದ ಕಲಿಯಬೇಕಾಗಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಆ ಕೀಲಿಮಣೆ ಯೂನಿಕೋಡಿಗೂ ಅದೇ ಇದೆ. ನುಡಿಯಲ್ಲೇ ಆಸ್ಕಿ ಬದಲು ಯೂನಿಕೋಡ್ ಆರಿಸಿಕೊಂಡರೆ ಆಯಿತು. ಮುಂದೆ ಲಿನಕ್ಸ್‌ಗೆ ಹೋದರೂ ಅಲ್ಲಿ ‘ಕೆಜಿಪಿ’ ಅನ್ನುವ ಹೆಸರಿನಲ್ಲಿ ಅದೇ ಕೀಲಿಮಣೆ ಸಿಗುತ್ತದೆ. ಅವರ ಬೆರಳು ಹೋಗುವ ಜಾಗ ಬದಲಾಗುವುದಿಲ್ಲ.